ಕ್ಯಾನ್ಸರ್ ಮಾತ್ರೆ ತಗೊಂಡರೆ ಶುಗರ್ ಯಾಕೆ ಏರುತ್ತದೆ?

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಇದೆ. ಮೂಳೆಗೆ ಹರಡಿದೆ. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ, ಆಲ್ಪೆಲಿಸಿಬ್ ಎಂಬ ಮಾತ್ರೆ ಶುರು ಮಾಡಿದ್ದಾರೆ. ಎರಡೇ ವಾರಕ್ಕೆ ಶುಗರ್ 280 ಆಯಿತು. ಅವರಿಗೆ ಯಾವತ್ತೂ ಡಯಾಬಿಟಿಸ್ ಇರಲಿಲ್ಲ. ಕೇಳಿದರೆ ಡಾಕ್ಟರು, “ಇದು ಪಿಐ3ಕೆ ತಡೆಯುವ ಮಾತ್ರೆ, ಶುಗರ್ ಏರುತ್ತದೆ” ಎಂದರು. ನಾನು ಬಿ.ಎಸ್ಸಿ. ಓದಿದವಳು. ಹುಡುಕಿ ನೋಡಿದೆ. ಪಿಐ3ಕೆ ಎನ್ನುವುದು ಯಾವುದೋ ಕೊಬ್ಬಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವಂತೆ. ಕೊಬ್ಬಿಗೆ ಫಾಸ್ಫೇಟ್ ಅಂಟಿಸಿದರೆ ಕ್ಯಾನ್ಸರ್ ಯಾಕೆ ಬರಬೇಕು? ಅದನ್ನು ತಡೆದರೆ ಶುಗರ್ ಯಾಕೆ ಏರಬೇಕು? ದೊಡ್ಡಮ್ಮನ ಪ್ರಶ್ನೆ ಬೇರೆ ಇದೆ: ಮುದ್ದೆ ಬಿಡಬೇಕಾ?
(ಓದುಗರು, ಹಾಸನ)

ಉತ್ತರ: ಮೊದಲೇ ಒಂದು ಮಾತು. ನಾನು ಜೀವಕೋಶಗಳ ಪಾಠ ಮಾಡುವವನು, ಕ್ಯಾನ್ಸರ್ ವೈದ್ಯನಲ್ಲ. ಡೋಸು ಎಷ್ಟು, ನಿಲ್ಲಿಸಬೇಕಾ, ಮುಂದುವರಿಸಬೇಕಾ ಎನ್ನುವುದೆಲ್ಲ ನಿಮ್ಮ ಡಾಕ್ಟರಿಗೆ ಬಿಡಿ. ನೀವು ಕೇಳಿದ “ಯಾಕೆ”ಗೆ ಮಾತ್ರ ನಾನು ಉತ್ತರ ಕೊಡಬಲ್ಲೆ.

ಚಿಕ್ಕ ಉತ್ತರ ಇಷ್ಟು. ಗಡ್ಡೆಗೆ ಬೆಳೆಯಲು ಹೇಳುವ ಕೊಬ್ಬು ಯಾವುದೋ, ಲಿವರಿಗೆ ಇನ್ಸುಲಿನ್ ಬಂದ ಸುದ್ದಿ ಮುಟ್ಟಿಸುವ ಕೊಬ್ಬೂ ಅದೇ. ಅದನ್ನು ಮಾಡುವ ಕಿಣ್ವವೂ ಅದೇ. ಹೊಟ್ಟೆಗೆ ಹೋದ ಮಾತ್ರೆಗೆ ಗಡ್ಡೆ ಯಾವುದು, ಲಿವರ್ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಕಡೆ ಆ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಇದನ್ನು ಅಡ್ಡ ಪರಿಣಾಮ ಎಂದು ಕರೆಯಲು ನನಗೆ ಅಷ್ಟು ಮನಸ್ಸಿಲ್ಲ. ಮಾತ್ರೆ ತನ್ನ ಕೆಲಸವನ್ನೇ ಮಾಡುತ್ತಿದೆ. ನಮಗೆ ಬೇಡದ ಜಾಗದಲ್ಲೂ ಮಾಡುತ್ತಿದೆ, ಅಷ್ಟೇ.

ಈಗ ಉದ್ದದ ಉತ್ತರ.

ಕೊಬ್ಬು ಎಂದ ಕೂಡಲೇ ಎಣ್ಣೆ, ತುಪ್ಪ, ಸೊಂಟದ ಅಳತೆ ನೆನಪಾಗುತ್ತದೆ. ಇದು ಆ ಕೊಬ್ಬಲ್ಲ. ಪ್ರತಿ ಜೀವಕೋಶದ ಸುತ್ತ ಒಂದು ತೆಳು ಪೊರೆ ಇದೆ. ಕೋಶದೊಳಗೆ ಗಾಲ್ಗಿ, ಎಂಡೋಸೋಮ್, ಲೈಸೋಸೋಮ್ ಎಂಬ ಚೀಲದಂಥ ಭಾಗಗಳಿವೆ, ಅವುಗಳಿಗೂ ಅಂಥದ್ದೇ ಪೊರೆ. ಅದನ್ನು ಕಟ್ಟಿರುವುದು ಫಾಸ್ಫೋಲಿಪಿಡ್ ಎಂಬ ಕೊಬ್ಬುಗಳಿಂದ. ಅವುಗಳಲ್ಲಿ ಒಂದರ ಹೆಸರು ಫಾಸ್ಫಟಿಡಿಲ್‌ಇನಾಸಿಟಾಲ್. ಬಾಯಿ ತಿರುಗುವುದಿಲ್ಲ, ಪಿಐ ಅನ್ನೋಣ. ಇದರ ಎರಡು ಬಾಲಗಳು ಪೊರೆಯೊಳಗೆ ಹುದುಗಿರುತ್ತವೆ. ತಲೆ ಮಾತ್ರ ಕೋಶದ ಒಳಗಿನ ನೀರಿನ ಕಡೆಗೆ ಇರುತ್ತದೆ. ತಲೆಯಲ್ಲಿರುವುದು ಇನಾಸಿಟಾಲ್, ಆರು ಇಂಗಾಲಗಳ ಒಂದು ಉಂಗುರ. ನಮ್ಮ ದೇಹ ಅದನ್ನು ಗ್ಲೂಕೋಸಿನಿಂದಲೇ ಮಾಡಿಕೊಳ್ಳಬಲ್ಲದು. ಉಂಗುರದ 1ನೇ ಇಂಗಾಲ ಬಾಲದ ಕಡೆಗೆ ಸೇರಿಕೊಂಡಿದೆ. ಉಳಿದವುಗಳಲ್ಲಿ 3, 4, 5ನೇ ಜಾಗಕ್ಕೆ ಕೋಶ ಫಾಸ್ಫೇಟ್ ಅಂಟಿಸುತ್ತದೆ, ಬೇಡವಾದಾಗ ಕಿತ್ತು ತೆಗೆಯುತ್ತದೆ.

ಮೂರು ಜಾಗ. ಪ್ರತಿ ಜಾಗದಲ್ಲೂ ಫಾಸ್ಫೇಟ್ ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕಿದರೆ ಎಂಟು ಬಗೆ. ಏನೂ ಅಂಟಿಸದ ಬರೀ ಪಿಐ ಬಿಟ್ಟರೆ ಏಳು. ಈ ಏಳಕ್ಕೆ ಸೇರಿಸಿ ಫಾಸ್ಫೋಇನಾಸಿಟೈಡ್‌ಗಳು ಎನ್ನುತ್ತಾರೆ. ಅಂಟಿಸುವ ಕಿಣ್ವಗಳು ಕೈನೇಸ್‌ಗಳು. ಕೀಳುವವು ಫಾಸ್ಫಟೇಸ್‌ಗಳು. ಡಾಕ್ಟರು ಹೇಳಿದ ಪಿಐ3ಕೆ ಎಂದರೆ 3ನೇ ಜಾಗಕ್ಕೆ ಅಂಟಿಸುವ ಕೈನೇಸ್.

ಇಷ್ಟಕ್ಕೆ ಯಾಕೆ ಇಷ್ಟು ಮಹತ್ವ? ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಅದೇ. ಬೋರ್ಡು ಬದಲಾದರೆ ಹತ್ತುವ ಜನ ಬದಲಾಗುತ್ತಾರೆ, ಅಲ್ವಾ? ಪೊರೆಯಲ್ಲೂ ಹೀಗೇ. ಕೋಶದ ದ್ರವದಲ್ಲಿ ಓಡಾಡುವ ಎಷ್ಟೋ ಪ್ರೋಟೀನುಗಳಲ್ಲಿ ಈ ತಲೆಗಳನ್ನು ಗುರುತು ಹಿಡಿಯುವ ಒಂದು ಭಾಗ ಇರುತ್ತದೆ. 3ರಲ್ಲಿ ಮಾತ್ರ ಫಾಸ್ಫೇಟ್ ಇದ್ದರೆ ಒಂದು ಗುಂಪು ಬಂದು ಕೂರುತ್ತದೆ. 4ರಲ್ಲಿ ಇದ್ದರೆ ಇನ್ನೊಂದು ಗುಂಪು. ಎಂಡೋಸೋಮಿನ ಪೊರೆಯಲ್ಲಿ ಜಾಸ್ತಿ ಇರುವುದು 3ರದ್ದು, ಗಾಲ್ಗಿಯಲ್ಲಿ 4ರದ್ದು, ಕೋಶದ ಹೊರಪೊರೆಯಲ್ಲಿ 4 ಮತ್ತು 5 ಎರಡೂ ಇರುವುದು. ಕೋಶದೊಳಗೆ ಯಾವ ಪ್ರೋಟೀನು ಎಲ್ಲಿಗೆ ಹೋಗಬೇಕು ಎನ್ನುವುದು ಎಷ್ಟೋ ಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ. ಕೈನೇಸ್ ಒಂದು ಫಾಸ್ಫೇಟ್ ಅಂಟಿಸಿದರೆ ಪೊರೆಯ ಆ ಚೂರಿಗೆ ಬರುವ ಪ್ರೋಟೀನುಗಳೇ ಬೇರೆಯಾಗುತ್ತವೆ. ಅದೂ ಸೆಕೆಂಡುಗಳಲ್ಲಿ.

ಇವುಗಳ ಪ್ರಮಾಣ ತೀರಾ ಕಡಿಮೆ. 4 ಮತ್ತು 5ರಲ್ಲಿ ಫಾಸ್ಫೇಟ್ ಇರುವುದಕ್ಕೆ ಪಿಐಪಿ2 ಎನ್ನುತ್ತಾರೆ, ಲ್ಯಾಬಿನಲ್ಲಿ “ಪಿಪ್ ಟೂ”. ಹೊರಪೊರೆಯ ಫಾಸ್ಫೋಲಿಪಿಡ್‌ಗಳಲ್ಲಿ ಇದರ ಪಾಲು ನೂರಕ್ಕೆ ಸುಮಾರು ಒಂದು. ಮೂರೂ ಜಾಗದಲ್ಲಿ ಫಾಸ್ಫೇಟ್ ಇರುವ ಪಿಐಪಿ3 ಅದಕ್ಕಿಂತ ಎಷ್ಟೋ ಕಡಿಮೆ. ಸುಮ್ನೆ ಕೂತಿರುವ ಕೋಶದಲ್ಲಿ ಅದು ಇಲ್ಲ ಎನ್ನುವಷ್ಟೇ ಇರುತ್ತದೆ. ಸುದ್ದಿ ಮುಟ್ಟಿಸಲು ಇದೇ ಅನುಕೂಲ. ಮೊದಲೇ ರಾಶಿ ಇದ್ದರೆ ಸ್ವಲ್ಪ ಹೆಚ್ಚಾಗಿದ್ದು ಯಾರಿಗೆ ಕಾಣುತ್ತದೆ?

ಇದು ಗೊತ್ತಾಗಿದ್ದು ಒಂಥರಾ ಆಕಸ್ಮಿಕ. ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ಎಂಬ ದಂಪತಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪಾರಿವಾಳದ ಮೇದೋಜ್ಜೀರಕ ಗ್ರಂಥಿಯ ಚೂರುಗಳ ಮೇಲೆ ಕೆಲಸ ಮಾಡುತ್ತಿದ್ದರು. ವಿಕಿರಣ ಸೂಸುವ ಫಾಸ್ಫರಸ್ ಹಾಕಿ, ಅದು ಎಲ್ಲಿಗೆ ಸೇರುತ್ತದೆ ಅಂತ ನೋಡುತ್ತಿದ್ದರು. ಅವರ ಕಣ್ಣಿದ್ದದ್ದು ಆರ್‌ಎನ್‌ಎ ಮೇಲೆ. ನರಗಳು ಸುದ್ದಿ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಕೊಟ್ಟು ಗ್ರಂಥಿಯನ್ನು ಚುರುಕು ಮಾಡಿದಾಗ ಫಾಸ್ಫರಸ್ ಹೋಗಿ ಸೇರಿದ್ದು ಕೊಬ್ಬಿಗೆ. 1953ರಲ್ಲಿ ಇದನ್ನು ಪ್ರಕಟಿಸಿದರು. ಪೊರೆಯ ಕೊಬ್ಬು ಎಂದರೆ ಬರೀ ಗೋಡೆ ಎಂದು ನಂಬಿದ್ದ ಕಾಲ ಅದು. ಹೊರಗಿನಿಂದ ಬಂದ ಸುದ್ದಿಗೆ ಗೋಡೆ ಯಾಕೆ ಉತ್ತರ ಕೊಡಬೇಕು ಎಂಬುದು ತುಂಬಾ ವರ್ಷ ಬಗೆಹರಿಯಲಿಲ್ಲ. 1975ರಲ್ಲಿ ಬರ್ಮಿಂಗ್ಹ್ಯಾಮಿನ ರಾಬರ್ಟ್ ಮಿಚೆಲ್ ಇದಕ್ಕೂ ಕ್ಯಾಲ್ಸಿಯಂಗೂ ನಂಟಿದೆ ಎಂದು ವಾದಿಸಿದರು. 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಅವರ ಜೊತೆಗಾರರು ಪುರಾವೆ ಕೊಟ್ಟರು. ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ಪಿಐಪಿ2ವನ್ನು ಎರಡು ತುಂಡು ಮಾಡುತ್ತದೆ. ತಲೆಯ ತುಂಡು ಐಪಿ3 ನೀರಿಗೆ ಇಳಿದು ಹೋಗಿ, ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ. ಈ ಪ್ರಯೋಗ ನಡೆದದ್ದೂ ಮೇದೋಜ್ಜೀರಕದ ಕೋಶಗಳಲ್ಲೇ, ಈ ಸಲ ಇಲಿಯದ್ದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮದೇ ಊರಿನ ವಿಷಯ. ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್ಸಿನಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರಘು ಪಡಿಞ್ಞಾಟ್ ಅವರ ತಂಡ ವರ್ಷಗಳಿಂದ ಈ ಕೊಬ್ಬುಗಳ ಹಿಂದೆ ಬಿದ್ದಿದೆ. ಅವರ ಮುಖ್ಯ ಪ್ರಾಣಿ ಬಾಳೆಹಣ್ಣಿಗೆ ಮುತ್ತುವ ಆ ಪುಟ್ಟ ಹಣ್ಣುನೊಣ. ನೊಣದ ಕಣ್ಣಿಗೆ ಬೆಳಕು ಬಿದ್ದಾಗ ಒಡೆಯುವುದು ಇದೇ ಪಿಐಪಿ2. ಒಡೆಯುವ ಕಿಣ್ವ ಕೆಟ್ಟರೆ ನೊಣ ಕುರುಡು. ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಇಷ್ಟು ಕಡಿಮೆ ಇರುವ ಕೊಬ್ಬನ್ನು ಒಡೆಯುತ್ತಲೇ ಇದ್ದರೆ ಕ್ಷಣದಲ್ಲಿ ಖಾಲಿಯಾಗಬೇಕಲ್ಲ? ಆಗುವುದಿಲ್ಲ. ಪಿಐ ತಯಾರಾಗುವುದು ಕೋಶದ ಒಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದಲ್ಲಿ. ಆ ಪೊರೆಯೂ ಹೊರಪೊರೆಯೂ ತೀರಾ ಹತ್ತಿರ ಬರುವ ಜಾಗಗಳಿವೆ. ಅಲ್ಲಿ ಆರ್‌ಡಿಜಿಬಿ ಎಂಬ ಪ್ರೋಟೀನು ಪಿಐಯನ್ನು ಹೊತ್ತು ದಾಟಿಸುತ್ತದೆ. ಆಮೇಲೆ ಕೈನೇಸ್‌ಗಳು ಮೊದಲು 4ಕ್ಕೆ, ನಂತರ 5ಕ್ಕೆ ಫಾಸ್ಫೇಟ್ ಅಂಟಿಸಿ ಪಿಐಪಿ2 ಮಾಡುತ್ತವೆ. ಆರ್‌ಡಿಜಿಬಿ ಕೆಟ್ಟ ನೊಣವನ್ನು ಬೆಳಕಿನಲ್ಲಿಟ್ಟರೆ ಅದರ ಕಣ್ಣಿನ ರೆಟಿನಾ ಹಾಳಾಗುತ್ತಾ ಹೋಗುತ್ತದೆ. ನೊಣದ ಕಣ್ಣಿನಿಂದ ನಮಗೇನು ಎನ್ನಬೇಡಿ. ಆರ್‌ಡಿಜಿಬಿಗೆ ಹತ್ತಿರದ ಪ್ರೋಟೀನುಗಳು ಮನುಷ್ಯನಲ್ಲೂ ಇವೆ. ಪಿಐಪಿ2ವಿನ 5ನೇ ಫಾಸ್ಫೇಟ್ ಕೀಳುವ ಓಸಿಆರ್‌ಎಲ್ ಎಂಬ ಕಿಣ್ವ ಕೆಟ್ಟ ಗಂಡುಮಕ್ಕಳು ಹುಟ್ಟುವಾಗಲೇ ಕಣ್ಣಿನ ಪೊರೆಯೊಂದಿಗೆ (ಕ್ಯಾಟರಾಕ್ಟ್) ಹುಟ್ಟುತ್ತಾರೆ. ಮೂತ್ರಪಿಂಡ, ಮಿದುಳಿಗೂ ತೊಂದರೆ. ಲೋವ್ ಸಿಂಡ್ರೋಮ್ ಎಂದು ಅದರ ಹೆಸರು. ಕಿತ್ತುಹಾಕುವ ಕೆಲಸವೂ ಅಂಟಿಸುವ ಕೆಲಸದಷ್ಟೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ದೊಡ್ಡಮ್ಮನ ಮಾತ್ರೆಗೆ ವಾಪಸ್ ಬರುತ್ತೇನೆ.

3ನೇ ಜಾಗದ ವಿಷಯ ತಡವಾಗಿ ಗೊತ್ತಾಯಿತು. ಅಮೆರಿಕದ ಲೂಯಿಸ್ ಕ್ಯಾಂಟ್ಲಿ ಅವರ ತಂಡ 1980ರ ದಶಕದಲ್ಲಿ ಗಡ್ಡೆ ಬರಿಸುವ ಒಂದು ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡಿದ್ದ ಕೈನೇಸನ್ನು ಬೆನ್ನುಹತ್ತಿತ್ತು. ಅಲ್ಲಿಯವರೆಗೆ 4 ಮತ್ತು 5 ಮಾತ್ರ ಗೊತ್ತಿತ್ತು. ಈ ಕೈನೇಸ್ ಅಂಟಿಸುವುದು 3ಕ್ಕೆ ಎಂದು 1988ರಲ್ಲಿ ತೋರಿಸಿದರು. ಅಂದರೆ ಪಿಐ3ಕೆಗೂ ಕ್ಯಾನ್ಸರಿಗೂ ಪರಿಚಯ ಮೊದಲ ದಿನದಿಂದಲೇ ಇದೆ.

ಊಟ ಆದ ಮೇಲೆ ಏನಾಗುತ್ತದೆ ನೋಡಿ. ರಕ್ತಕ್ಕೆ ಇನ್ಸುಲಿನ್ ಬರುತ್ತದೆ. ಸ್ನಾಯು, ಲಿವರ್ ಕೋಶಗಳ ಹೊರಮೈಯಲ್ಲಿರುವ ರಿಸೆಪ್ಟರಿಗೆ ಅದು ಅಂಟುತ್ತದೆ. ಒಳಗಡೆಯಿಂದ ಪಿಐ3ಕೆ ಹೊರಪೊರೆಗೆ ಬಂದು ಪಿಐಪಿ2ವಿನ 3ನೇ ಜಾಗಕ್ಕೂ ಫಾಸ್ಫೇಟ್ ಅಂಟಿಸುತ್ತದೆ. ಈಗ ಅದು ಪಿಐಪಿ3. ಅದನ್ನು ಗುರುತು ಹಿಡಿಯುವ ಎರಡು ಪ್ರೋಟೀನುಗಳು ಓಡಿ ಬರುತ್ತವೆ: ಪಿಡಿಕೆ1 ಮತ್ತು ಆಕ್ಟ್. ದ್ರವದಲ್ಲಿ ಬೇರೆ ಬೇರೆ ಅಲೆಯುತ್ತಿದ್ದ ಇಬ್ಬರೂ ಪೊರೆಯ ಒಂದೇ ಚೂರಿನ ಮೇಲೆ ಎದುರಾಗುತ್ತಾರೆ. ಪಿಡಿಕೆ1 ಆಕ್ಟ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಆಕ್ಟ್ ಚುರುಕಾಗುತ್ತದೆ. ಪಿಐಪಿ3 ಮಾಡಿದ್ದು ಇಷ್ಟೇ, ಅವರಿಬ್ಬರನ್ನೂ ಒಂದು ಜಾಗಕ್ಕೆ ಕರೆಸಿದ್ದು.

ಮುಂದಿನದೆಲ್ಲ ಆಕ್ಟ್ ಕೆಲಸ. ಸ್ನಾಯುವಿನಲ್ಲಿ ಗ್ಲುಟ್4 ಎಂಬ ಗ್ಲೂಕೋಸ್ ಸಾಗಿಸುವ ಪ್ರೋಟೀನು ಹೊರಪೊರೆಗೆ ಬರುವಂತೆ ಮಾಡುತ್ತದೆ. ಸಕ್ಕರೆ ಒಳಗೆ ಬರುತ್ತದೆ. ಲಿವರಿನಲ್ಲಿ, ಹೊಸದಾಗಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವುದನ್ನು ನಿಲ್ಲಿಸುತ್ತದೆ. ಊಟದ ನಂತರ ಶುಗರ್ ಇಳಿಯುವುದು ಹೀಗೆ. ಇದೇ ಆಕ್ಟ್ ಬೇರೆ ಕೋಶಗಳಲ್ಲಿ ಪ್ರೋಟೀನು ಕಟ್ಟು, ದೊಡ್ಡದಾಗು, ಇಬ್ಭಾಗವಾಗು, ಸಾಯಬೇಡ ಎಂದೂ ಹೇಳುತ್ತದೆ. ಊಟ ಸಿಕ್ಕಿದೆ, ಬೆಳೆಯಬಹುದು ಎನ್ನುವುದು ಎರಡು ಸುದ್ದಿಯಲ್ಲ, ಕೋಶದ ಮಟ್ಟಿಗೆ ಒಂದೇ. ಈ ಉತ್ತರದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸುದ್ದಿ ಮುಗಿದ ಮೇಲೆ ಪಿಐಪಿ3 ಹೋಗಬೇಕು. 3ನೇ ಫಾಸ್ಫೇಟ್ ಕಿತ್ತು ಅದನ್ನು ಮತ್ತೆ ಪಿಐಪಿ2 ಮಾಡುವ ಕಿಣ್ವ ಪಿಟೆನ್. 1997ರಲ್ಲಿ ಪಿಟೆನ್ ಸಿಕ್ಕಿದ್ದೇ ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣೆಯಾಗಿರುವ ಜೀನ್ ಎಂದು. ಅದರ ಕೆಲಸ ಏನೆಂದು ಆಗ ತಿಳಿದಿರಲಿಲ್ಲ. ಪ್ರೋಟೀನಿನಿಂದ ಫಾಸ್ಫೇಟ್ ಕೀಳುತ್ತದೆ ಎಂದುಕೊಂಡಿದ್ದರು. ಕೊಬ್ಬಿನಿಂದ ಕೀಳುತ್ತದೆ ಎಂದು ಮರುವರ್ಷ ಜ್ಯಾಕ್ ಡಿಕ್ಸನ್ ಮತ್ತು ತೊಮೊಹಿಕೊ ಮಾಯೆಹಾಮಾ ತೋರಿಸಿದರು. ಪಿಟೆನ್ ಇಲ್ಲದಿದ್ದರೆ ಪಿಐಪಿ3 ಪೊರೆಯಲ್ಲೇ ಉಳಿಯುತ್ತದೆ, ಬೆಳೆಯುವ ಸುದ್ದಿ ನಿಲ್ಲುವುದೇ ಇಲ್ಲ.

ಕ್ಯಾನ್ಸರಿಗೆ ಇನ್ನೊಂದು ದಾರಿಯೂ ಇದೆ. ಕೀಳುವವನನ್ನು ಕಳೆದುಕೊಳ್ಳುವ ಬದಲು ಅಂಟಿಸುವವನನ್ನು ಕೆರಳಿಸುವುದು. ಇನ್ಸುಲಿನ್‌ನಂಥ ಸುದ್ದಿ ಬಂದಾಗ ಕೆಲಸ ಮಾಡುವ ಪಿಐ3ಕೆಯಲ್ಲಿ ಆಲ್ಫಾ, ಬೀಟಾ, ಡೆಲ್ಟಾ, ಗಾಮಾ ಎಂದು ನಾಲ್ಕು ರೂಪಗಳಿವೆ. ಆಲ್ಫಾದ ಜೀನು ಪಿಐಕೆ3ಸಿಎ. ಅದು ಕ್ಯಾನ್ಸರಿನಲ್ಲಿ ಪದೇ ಪದೇ ಕೆಡುತ್ತದೆ ಎಂದು ಜಾನ್ಸ್ ಹಾಪ್ಕಿನ್ಸ್‌ನ ಬರ್ಟ್ ವೋಗಲ್‌ಸ್ಟೈನ್ ತಂಡ 2004ರಲ್ಲಿ ಕಂಡುಹಿಡಿಯಿತು. ಕೆಡುವುದೂ ಸಾಮಾನ್ಯವಾಗಿ ಕೆಲವೇ ಜಾಗಗಳಲ್ಲಿ. ಕೆಟ್ಟ ಆಲ್ಫಾ, ಇನ್ಸುಲಿನ್ ಬರಲಿ ಬಿಡಲಿ, ಪಿಐಪಿ3 ಮಾಡುತ್ತಲೇ ಇರುತ್ತದೆ. ಹಾರ್ಮೋನಿಗೆ ಸ್ಪಂದಿಸುವ, ಹರಡಿದ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ನೂರಕ್ಕೆ 40ರಲ್ಲಿ ಈ ತಪ್ಪು ಇದೆ. ನಿಮ್ಮ ದೊಡ್ಡಮ್ಮನ ಜೀನ್ ಪರೀಕ್ಷೆಯಲ್ಲಿ ಹುಡುಕಿದ್ದು ಇದನ್ನೇ. ಸಿಕ್ಕಿದ್ದಕ್ಕೇ ಆಲ್ಪೆಲಿಸಿಬ್ ಕೊಟ್ಟಿರಬೇಕು. ಅದು ಆಲ್ಫಾವನ್ನು ಹಿಡಿದು ತಡೆಯುವ ಮಾತ್ರೆ. ಫುಲ್ವೆಸ್ಟ್ರಂಟ್ ಇಂಜೆಕ್ಷನ್ ಜೊತೆ ಕೊಡಲು ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆಗೆ ಆಧಾರವಾದ ಸೋಲಾರ್-1 ಎಂಬ ಪ್ರಯೋಗದಲ್ಲಿ, ಈ ಜೀನ್ ಕೆಟ್ಟವರಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಅವಧಿ ಸರಾಸರಿಯಲ್ಲಿ 5.7 ತಿಂಗಳಿಂದ 11 ತಿಂಗಳಿಗೆ ಹೋಯಿತು. ಅದೇ ಪ್ರಯೋಗದಲ್ಲಿ ಮಾತ್ರೆ ತಗೊಂಡವರ ಪೈಕಿ ನೂರರಲ್ಲಿ ಸುಮಾರು 64 ಜನಕ್ಕೆ ಶುಗರ್ ಏರಿತು. ಏರಿದ್ದೂ ಹೆಚ್ಚಾಗಿ ಮೊದಲ ಎರಡು ವಾರದ ಆಸುಪಾಸಿನಲ್ಲಿ. ನಿಮ್ಮ ಮನೆಯಲ್ಲಿ ಆದದ್ದು ಅಪರೂಪದ ವಿಷಯವೇನಲ್ಲ.

ಕಾರಣ ಈಗ ನೀವೇ ಹೇಳಬಹುದು. ಸ್ನಾಯು, ಲಿವರುಗಳಲ್ಲಿ ಇನ್ಸುಲಿನ್ ಮಾತು ಕೇಳಿಸಿಕೊಳ್ಳುವುದು ಮುಖ್ಯವಾಗಿ ಇದೇ ಆಲ್ಫಾ. ಅದನ್ನು ತಡೆದರೆ ರಕ್ತದಲ್ಲಿ ಇನ್ಸುಲಿನ್ ಇದ್ದರೂ ಲಿವರಿಗೆ ಗೊತ್ತಾಗುವುದಿಲ್ಲ. ಅದು ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಸ್ನಾಯು ತಗೊಳ್ಳುವುದಿಲ್ಲ. ಡೆಲ್ಟಾವನ್ನು ತಡೆಯುವ ಐಡೆಲಲಿಸಿಬ್ ಎಂಬ ಮಾತ್ರೆ 2014ರಲ್ಲೇ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಬಂದಿತ್ತು. ಡೆಲ್ಟಾ ಇರುವುದು ಹೆಚ್ಚಾಗಿ ಬಿಳಿ ರಕ್ತಕಣಗಳಲ್ಲಿ. ಅಲ್ಲಿ ದೊಡ್ಡ ತಲೆನೋವಾದದ್ದು ಶುಗರ್ ಅಲ್ಲ, ರೋಗನಿರೋಧಕ ಶಕ್ತಿ ಹದ ತಪ್ಪಿ ಲಿವರ್, ಕರುಳು, ಶ್ವಾಸಕೋಶಕ್ಕೆ ಆದ ತೊಂದರೆ. ಯಾವ ರೂಪ ಎಲ್ಲಿ ದುಡಿಯುತ್ತದೋ ಅಲ್ಲೇ ಪೆಟ್ಟು.

ನನಗೆ ತುಂಬಾ ಇಷ್ಟವಾದ ಪುರಾವೆ ಇದರ ತಿರುವುಮುರುವಿನದ್ದು. ಹುಟ್ಟುವಾಗಲೇ ಪಿಟೆನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಜನರಿದ್ದಾರೆ. ಅವರಿಗೆ ಸ್ತನ, ಥೈರಾಯ್ಡ್ ಕ್ಯಾನ್ಸರುಗಳ ಅಪಾಯ ಜಾಸ್ತಿ. ಪಿಟೆನ್ ಕಡಿಮೆ ಎಂದರೆ ಪಿಐಪಿ3 ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾದರೆ ಅವರ ದೇಹ ಇನ್ಸುಲಿನ್ ಮಾತನ್ನು ಇನ್ನೂ ಚೆನ್ನಾಗಿ ಕೇಳಬೇಕಲ್ಲವೇ? 2012ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಪರೀಕ್ಷಿಸಿ ನೋಡಿದರು. ಹೌದು, ಹಾಗೇ ಇತ್ತು. ಅವರಿಗೆ ತೂಕ ಜಾಸ್ತಿ, ಆದರೂ ಇನ್ಸುಲಿನ್ ಸ್ವಲ್ಪ ಸಾಕು. ಒಂದು ಕಡೆ ಕ್ಯಾನ್ಸರ್ ಅಪಾಯ ಹೆಚ್ಚಿ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ಕಡೆ ಮಾತ್ರೆ ಕ್ಯಾನ್ಸರನ್ನು ತಡೆದು, ಶುಗರ್ ಏರಿಸುತ್ತದೆ.

ಇನ್ನು ಶುಗರ್ ಏರಿದರೆ ಏರಲಿ, ಕ್ಯಾನ್ಸರ್ ಕಡಿಮೆಯಾದರೆ ಸಾಕು ಎನ್ನುವಂತಿಲ್ಲ. ಶುಗರ್ ಏರಿದ್ದು ನೋಡಿ ಮೇದೋಜ್ಜೀರಕ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಆ ಇನ್ಸುಲಿನ್ ಗಡ್ಡೆಗೂ ತಲುಪುತ್ತದೆ. ಮಾತ್ರೆ ತಡೆದದ್ದರಲ್ಲಿ ಒಂದಿಷ್ಟನ್ನು ಅದು ವಾಪಸ್ ಚುರುಕು ಮಾಡಬಲ್ಲದು. ಕ್ಯಾಂಟ್ಲಿ ಅವರ ತಂಡವೇ 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಪಿಷ್ಟ, ಸಕ್ಕರೆ ತೀರಾ ಕಡಿಮೆ ಇರುವ ಕೀಟೋ ಆಹಾರ ಕೊಟ್ಟಾಗ, ಇಲ್ಲವೇ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಎಸ್‌ಜಿಎಲ್‌ಟಿ2 ಮಾತ್ರೆ ಕೊಟ್ಟಾಗ, ಪಿಐ3ಕೆ ತಡೆಯುವ ಔಷಧಿ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ಇದನ್ನು ಓದಿ ಎಷ್ಟೋ ಜನ “ಕೀಟೋ ಮಾಡಿದರೆ ಕ್ಯಾನ್ಸರ್ ಹೋಗುತ್ತದೆ” ಎಂದು ಹಬ್ಬಿಸಿದರು. ಆದರೆ ಅದೇ ಅಧ್ಯಯನದಲ್ಲಿ, ಔಷಧಿ ಇಲ್ಲದೆ ಬರೀ ಕೀಟೋ ಕೊಟ್ಟಾಗ ರಕ್ತ ಕ್ಯಾನ್ಸರಿದ್ದ ಇಲಿಗಳ ಕಾಯಿಲೆ ಇನ್ನೂ ಬೇಗ ಬೆಳೆಯಿತು. ಹಬ್ಬಿಸುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಕೆಟ್ಟ ಆಲ್ಫಾವನ್ನು ಮಾತ್ರ ಹಿಡಿದು, ಒಳ್ಳೆಯ ಆಲ್ಫಾವನ್ನು ಬಿಟ್ಟುಬಿಡುವ ಔಷಧಿಗಳು ಈಗ ರೋಗಿಗಳಲ್ಲಿ ಪರೀಕ್ಷೆಯಾಗುತ್ತಿವೆ. ನನ್ನ ಪ್ರಕಾರ ಈ ತಲೆನೋವಿಗೆ ನಿಜವಾದ ಪರಿಹಾರ ಇರುವುದು ಆ ದಾರಿಯಲ್ಲಿ. ಅಲ್ಲಿಯವರೆಗೆ ಶುಗರ್ ಮೇಲೆ ಕಣ್ಣಿಟ್ಟು, ಅದಕ್ಕೂ ಔಷಧಿ ಕೊಟ್ಟು, ಮಾತ್ರೆ ಮುಂದುವರಿಸುವುದು ರೂಢಿ. ಸಾಮಾನ್ಯವಾಗಿ ಮೊದಲು ಕೊಡುವುದು ಮೆಟ್‌ಫಾರ್ಮಿನ್. ಇನ್ಸುಲಿನ್ ಇಂಜೆಕ್ಷನ್ ಕೊಡಲು ಕ್ಯಾನ್ಸರ್ ವೈದ್ಯರು ಯಾಕೆ ಸ್ವಲ್ಪ ಯೋಚಿಸುತ್ತಾರೆ ಎನ್ನುವುದು ಈಗ ನಿಮಗೆ ಹೊಳೆದಿರಬೇಕು. ಅಗತ್ಯ ಬಿದ್ದರೆ ಅದನ್ನೂ ಕೊಡುತ್ತಾರೆ, ಬೇಡ ಎನ್ನಬೇಡಿ.

ಈಗ ಮುದ್ದೆ. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಆದರೆ ರಾಗಿ ಹಿಟ್ಟಿನ ಹೆಚ್ಚಿನ ಪಾಲು ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡರೆ ಅದು ಗ್ಲೂಕೋಸೇ ಆಗುವುದು. ಲಿವರಿಗೆ ಇನ್ಸುಲಿನ್ ಕೇಳಿಸದ ಈ ಹೊತ್ತಿನಲ್ಲಿ ಅದು ಜಾಸ್ತಿಯೇ ಕಾಣುತ್ತದೆ. ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಕ್ಯಾನ್ಸರ್ ಇರುವವರು ಊಟ ಕಡಿಮೆ ಮಾಡಿ ತೂಕ ಇಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ತೊಂದರೆ. ಮುದ್ದೆ ಚಿಕ್ಕದಾಗಲಿ. ಜೊತೆಗೆ ಸೊಪ್ಪು, ಕಾಳಿನ ಸಾರು, ಮೊಟ್ಟೆ ಜಾಸ್ತಿಯಾಗಲಿ. ಕಾಫಿಗೆ ಸಕ್ಕರೆ, ಬೆಲ್ಲ ಬಿಡಿ. ಸಕ್ಕರೆಯ ಬದಲು ಬೆಲ್ಲ ಆಗಬಹುದು ಎನ್ನುವವರ ಮಾತು ಕೇಳಬೇಡಿ. ಆಸ್ಪತ್ರೆಯಲ್ಲಿ ಡಯಟೀಷಿಯನ್ ಇದ್ದರೆ ಒಮ್ಮೆ ಕೂತು ಮಾತಾಡಿ. ಎಸ್‌ಜಿಎಲ್‌ಟಿ2 ಮಾತ್ರೆ ಬರೆದುಕೊಟ್ಟಿದ್ದರೆ ಮನೆಯಲ್ಲಿ ಕೀಟೋ ಪ್ರಯೋಗ ಖಂಡಿತ ಬೇಡ. ಎರಡೂ ಸೇರಿದರೆ ರಕ್ತದಲ್ಲಿ ಕೀಟೋನ್ ಏರಿ ಅಪಾಯವಾಗಬಹುದು.

ಮೊದಲ ಕೆಲವು ವಾರ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಬರೆದಿಡಿ. ಎಷ್ಟು ದಿನಕ್ಕೊಮ್ಮೆ ನೋಡಬೇಕು, ಎಷ್ಟು ದಾಟಿದರೆ ಫೋನ್ ಮಾಡಬೇಕು ಎಂದು ಡಾಕ್ಟರನ್ನು ಕೇಳಿ ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಕು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನಡೆಯುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಿ.